ಬೀಚ್ ಪಕ್ಕದ ರೂಮು

ಮನೆಯವರಿಗೆ ನಾನು ಹೇಳಿದ್ದು ಇಷ್ಟು: ಸ್ಪೇನಿಗೆ ಸೇರಿದ ದ್ವೀಪ, ಲಂಡನ್ನಿನಿಂದ ವಿಮಾನದಲ್ಲಿ ಎರಡೂವರೆ ಗಂಟೆ, ಗುಡ್ಡದ ಮೇಲೆ ಯುನೆಸ್ಕೊ ಮನ್ನಣೆಯ ಹಳೆಯ ಕೋಟೆಪೇಟೆ ಇದೆ, ರೂಮು ಬೀಚಿನ ಪಕ್ಕದಲ್ಲೇ, ಏರ್‌ಪೋರ್ಟಿನಿಂದ ಟ್ಯಾಕ್ಸಿ ಹತ್ತಿದರೆ ಹತ್ತು ನಿಮಿಷ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಹಾಗೆ ನೋಡಿದರೆ ಆ ಪ್ರವಾಸದ ಉದ್ದಕ್ಕೂ ನಾನು ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಲಿಲ್ಲ. ಎಲ್ಲ ಕೆಟ್ಟದ್ದು ಹೇಳದೆ ಬಿಟ್ಟದ್ದರಿಂದ.

ದ್ವೀಪದ ಹೆಸರು ಇಬಿಜಾ. ಹೆಸರು ಹೇಳಿದ್ದೆ. ಆ ಹೆಸರು ಕೇಳಿದೊಡನೆ ಯುರೋಪಿನ ಹುಡುಗರ ಕಣ್ಣು ಯಾಕೆ ಅರಳುತ್ತದೆ ಎಂಬುದನ್ನು ಹೇಳಿರಲಿಲ್ಲ. ಅಪ್ಪನಿಗೂ ಆಯಿಗೂ ಅದು ಸಿಸಿಲಿ, ಮಾಲ್ಟಾದ ಹಾಗೆ ಭೂಪಟದ ಇನ್ನೊಂದು ಚುಕ್ಕೆ. ಹೆಂಡತಿಗೆ ಅದು ಪಾರ್ಟಿ ಮಾಡುವವರ ಜಾಗ ಅನ್ನುವಷ್ಟು ಗೊತ್ತಿತ್ತು. "ಅದೆಲ್ಲ ಒಂದೆರಡು ಮೂಲೆಯಲ್ಲಿ ಮಾತ್ರ, ದ್ವೀಪ ದೊಡ್ಡದಿದೆ" ಅಂದೆ. ಅದೂ ನಿಜವೇ. ಸುಮಾರು 570 ಚದರ ಕಿಲೋಮೀಟರಿನ ನೆಲ. ಉತ್ತರಕ್ಕೆ ಹೋದರೆ ಪೈನ್ ಕಾಡು, ಅಂಜೂರ, ಬಾದಾಮಿ ಮರಗಳು, ಕೆಂಪು ಮಣ್ಣಿನ ಗದ್ದೆ, ಸುಣ್ಣ ಬಳಿದ ಸಣ್ಣ ಇಗರ್ಜಿಗಳು. ನಾನು ರೂಮು ಹಿಡಿದದ್ದು ಮಾತ್ರ ಆ ಮೂಲೆಗಳ ಪೈಕಿ ಒಂದರಲ್ಲಿ.

ಈ ಹುಚ್ಚು ನನಗೆ ಹತ್ತಿದ್ದು ಗೋಕರ್ಣದಲ್ಲಿ. ನಮ್ಮದು ಕುಮಟಾ ತಾಲೂಕು, ಸಾಣಿಕಟ್ಟಾದ ಉಪ್ಪಿನ ಆಗರಗಳ ಹತ್ತಿರ ಮನೆ. ನಾನು ಕಾಲೇಜಿಗೆ ಹೋಗುತ್ತಿದ್ದ ತೊಂಬತ್ತರ ದಶಕದಲ್ಲಿ ಗೋವೆಯ ಗದ್ದಲ ಸಾಕೆನಿಸಿದ ವಿದೇಶಿಯರು ಗೋಕರ್ಣಕ್ಕೆ ಇಳಿಯತೊಡಗಿದ್ದರು. ಕುಡ್ಲೆ, ಓಂ ಬೀಚುಗಳ ತೆಂಗಿನಗರಿಯ ಜೋಪಡಿಗಳಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದರು. ಅವರಿಗೆ ಸೈಕಲ್ಲು ಬಾಡಿಗೆ ಕೊಡುತ್ತಿದ್ದ ಗೆಳೆಯನ ಅಂಗಡಿಯಲ್ಲಿ ನನ್ನ ರಜೆಗಳು ಕಳೆಯುತ್ತಿದ್ದವು. ಜಡೆಗಟ್ಟಿದ ಕೂದಲಿನ ಒಬ್ಬ ಬಾಡಿಗೆಯ ಬಾಕಿಗೆಂದು ಒಂದು ಕ್ಯಾಸೆಟ್ಟನ್ನು ಕೊಟ್ಟುಹೋದ. ಚಳಿಗಾಲಕ್ಕೆ ಇಲ್ಲಿ, ಬೇಸಿಗೆಗೆ ಇಬಿಜಾದ ಸಂತೆಯಲ್ಲಿ ಚರ್ಮದ ಬೆಲ್ಟು ಮಾರುತ್ತೇನೆ ಅಂದಿದ್ದ. ಗೆಳೆಯನಿಗೆ ಕ್ಯಾಸೆಟ್ ಬೇಡವಾಗಿತ್ತು, ನಾನು ತಂದೆ. ಮೆಲ್ಲಗೆ ಮೀಟಿದ ಗಿಟಾರು, ನಡುವೆ ಅಲೆಯ ಸದ್ದು, ಎಲ್ಲೋ ದೂರದಿಂದ ತೇಲಿಬರುವ ಹೆಂಗಸಿನ ದನಿ. ಚಂಡೆ ಮದ್ದಳೆ ಕೇಳಿ ಬೆಳೆದ ಕಿವಿಗೆ ಇದೊಂದು ಬೇರೆ ಲೋಕ. ಮನೆಯ ಟೇಪ್‌ರೆಕಾರ್ಡರಿನಲ್ಲಿ ಅದು ಸವೆದು ಕಿರುಗುಟ್ಟುವವರೆಗೂ ಹಾಕಿದೆ.

ಆಮೇಲೆ ಓದಿ ತಿಳಿದುಕೊಂಡದ್ದು ಬಹಳ. ಅರವತ್ತರ ದಶಕದಲ್ಲೇ ಹಿಪ್ಪಿಗಳು ಆ ದ್ವೀಪಕ್ಕೆ ಬಂದಿದ್ದರು. ಸ್ಪೇನಿನಲ್ಲಿ ಆಗಿನ್ನೂ ಫ್ರಾಂಕೋನ ಸರ್ವಾಧಿಕಾರ. ಬೇಸಿಗೆಗೆ ಇಬಿಜಾ, ಚಳಿಗೆ ಗೋವೆ ಅನ್ನುವ ಓಡಾಟ ಶುರುವಾದದ್ದು ಅವರಿಂದ. 1973ರಲ್ಲಿ ಪಾಚಾ, 1976ರಲ್ಲಿ ಅಮ್ನೇಶಿಯಾ ಕ್ಲಬ್ಬುಗಳು ತೆರೆದವು. ಅರ್ಜೆಂಟೀನಾದ ಸೇನಾ ಆಡಳಿತದಿಂದ ತಪ್ಪಿಸಿಕೊಂಡು ಬಂದಿದ್ದ ಅಲ್ಫ್ರೆಡೋ ಫಿಯೊರಿತೊ ಎಂಬಾತ ಎಂಬತ್ತರ ದಶಕದಲ್ಲಿ ಅಮ್ನೇಶಿಯಾದಲ್ಲಿ ಡಿಜೆ ಆದ. ರಾಕ್, ರೆಗ್ಗೆ, ಚಿಕಾಗೋದ ಹೌಸ್, ಇಟಲಿಯ ಪಾಪ್, ಯಾವುದನ್ನೂ ಬಿಡದೆ ಒಂದಕ್ಕೊಂದು ಬೆಸೆದು ನುಡಿಸುತ್ತಿದ್ದ. ಚಾವಣಿಯಿಲ್ಲದ ಅಂಗಳದಲ್ಲಿ ಬೆಳಗಾಗುವವರೆಗೆ ಕುಣಿತ. 1987ರ ಬೇಸಿಗೆಯಲ್ಲಿ ಪಾಲ್ ಓಕನ್‌ಫೋಲ್ಡ್, ಡ್ಯಾನಿ ರ‍್ಯಾಂಪ್ಲಿಂಗ್ ಮೊದಲಾದ ಲಂಡನ್ನಿನ ನಾಲ್ವರು ಡಿಜೆಗಳು ಅದನ್ನು ಕೇಳಿ ತಲೆಕೆಟ್ಟು ಊರಿಗೆ ಮರಳಿದರು, ಅಂಥದ್ದೇ ರಾತ್ರಿಗಳನ್ನು ಅಲ್ಲಿ ಶುರುಮಾಡಿದರು. ಬ್ರಿಟನ್ನಿನ ಇಡೀ ಒಂದು ಪೀಳಿಗೆ ಅದರ ಬೆನ್ನುಹತ್ತಿತು. ದ್ವೀಪದ ಪಶ್ಚಿಮ ದಂಡೆಯ ಸಾಂತ್ ಅಂತೋನಿಯಲ್ಲಿ 1980ರಿಂದ ಇರುವ ಕೆಫೆ ದೆಲ್ ಮಾರ್‌ನದು ಇನ್ನೊಂದು ದಾರಿ. ಅಲ್ಲಿ ಹೊಸೆ ಪಾದಿಯಾ ಸೂರ್ಯ ಮುಳುಗುವ ಹೊತ್ತಿಗೆಂದೇ ಹಾಡು ಆರಿಸಿ ಹಾಕುತ್ತಿದ್ದ. 1994ರಲ್ಲಿ ಆ ಕೆಫೆಯ ಹೆಸರಿನ ಮೊದಲ ಸಂಕಲನ ಬಂದು ಜಗತ್ತೆಲ್ಲ ಸುತ್ತಿತು. ನನ್ನ ಕ್ಯಾಸೆಟ್ಟು ಈ ಎರಡನೆಯ ಜಾತಿಯದು. ನನ್ನ ತಲೆಯಲ್ಲಿ ಮಾತ್ರ ಎರಡೂ ಕಲಸಿಹೋಗಿದ್ದವು.

ಬೆಂಗಳೂರಿನ ಕೆಲಸ, ಮದುವೆ, ಮಕ್ಕಳು, ಇಂಗ್ಲೆಂಡಿಗೆ ವಲಸೆ. ನಲವತ್ತೈದು ದಾಟಿತು. ಅಪ್ಪ, ಆಯಿ ಬೇಸಿಗೆಗೆ ರೆಡಿಂಗಿನ ನಮ್ಮ ಮನೆಗೆ ಬರುವುದೆಂದಾಯಿತು. ಮಕ್ಕಳ ಶಾಲೆಗೂ ಜುಲೈ ಕೊನೆಯಿಂದ ಆರು ವಾರ ರಜೆ. ಎಲ್ಲರೂ ಸೇರಿ ಎಲ್ಲಾದರೂ ಹೋಗೋಣ ಎಂಬ ಮಾತು ಬಂದದ್ದೇ, ನಾನು ಬಾಯಿಹಾಕಿದೆ.

"ನನಗೊಂದು ಹಳೆಯ ಆಸೆಯಿದೆ, ಒಂದು ರಾತ್ರಿ ಅಲ್ಲಿನ ಕ್ಲಬ್ಬಿಗೆ ಹೋಗಿಬರಬೇಕು" ಎಂದು ಅವತ್ತು ಹೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಹೇಳಲು ನಾಚಿಕೆಯಾಯಿತು. ಕೂದಲು ನೆರೆತ ಮೇಲೆ, ಹದಿನೈದರ ಮಗಳ ಎದುರಿಗೆ, ಹೈಸ್ಕೂಲ್ ಮಾಸ್ತರರಾಗಿ ನಿವೃತ್ತರಾದ ಅಪ್ಪನ ಎದುರಿಗೆ ಕುಣಿಯುವ ಆಸೆ ಹೇಳಿಕೊಳ್ಳುವುದು ಹೇಗೆ? ಅದಕ್ಕೆ ಆಸೆ ನನ್ನದು, ಹೆಸರು ಸಂಸಾರದ್ದು ಎಂದಾಯಿತು. ನಮ್ಮಲ್ಲಿ ಗಂಡಸರು ಬಹಳ ಮಂದಿ ಹೀಗೇ ಮಾಡುತ್ತೇವೆ. ದೊಡ್ಡ ಟೀವಿ ಬೇಕಾಗುವುದು ಮಕ್ಕಳಿಗೆ, ದೊಡ್ಡ ಕಾರು ಬೇಕಾಗುವುದು ವಯಸ್ಸಾದ ತಾಯಿಗೆ.

ಹೆಂಡತಿ ತಾನೇ ಹುಡುಕಿ ಸಾಂತಾ ಎವ್ಲಾಲಿಯಾ ಎಂಬ ಪೇಟೆಯಲ್ಲಿ ಒಂದು ಮನೆ ತೋರಿಸಿದ್ದಳು. ಪೂರ್ವ ದಂಡೆಯ ಶಾಂತ ಊರು. ಸಮುದ್ರದ ಅಂಚಿಗೆ ವಯಸ್ಸಾದವರೂ ಆರಾಮವಾಗಿ ನಡೆಯಬಹುದಾದ ಸಮತಟ್ಟು ಹಾದಿ, ಮಕ್ಕಳಿಗೆ ಆಳವಿಲ್ಲದ ನೀರು. ನಾನು ಅಪ್ಪನ ಮಂಡಿನೋವನ್ನು ಮುಂದೆ ಮಾಡಿದೆ: "ಏರ್‌ಪೋರ್ಟಿನಿಂದ ದೂರ ಆಗುತ್ತೆ, ಅಪ್ಪನಿಗೆ ಕಷ್ಟ." ಅಂತರ ನೋಡಿದರೆ ಅರ್ಧ ಗಂಟೆಯ ದಾರಿ. ನಾನು ಹಿಡಿದ ಪ್ಲಾಯಾ ಡೆನ್ ಬೊಸ್ಸಾ ದ್ವೀಪದಲ್ಲೇ ಅತಿ ಉದ್ದದ ಮರಳತೀರ, ಏರ್‌ಪೋರ್ಟಿಗೆ ಹತ್ತಿರ. ಅಲ್ಲಿನ ದೊಡ್ಡ ಕ್ಲಬ್ಬುಗಳಿಗಂತೂ ಇನ್ನೂ ಹತ್ತಿರ. ಭೂಪಟದಲ್ಲಿ ರೂಮಿನಿಂದ ಕ್ಲಬ್ಬಿನ ಬಾಗಿಲವರೆಗಿನ ನಡಿಗೆಯನ್ನು ಅಳೆದೇ ದುಡ್ಡು ಕಟ್ಟಿದ್ದೆ. ಇಂಗ್ಲೆಂಡಿನ ವೀಸಾ ಸ್ಪೇನಿಗೆ ನಡೆಯುವುದಿಲ್ಲವಾದ್ದರಿಂದ ಅಪ್ಪ, ಆಯಿ ಬೆಂಗಳೂರಿಗೆ ಹೋಗಿ ಷೆಂಗೆನ್ ವೀಸಾಕ್ಕೆ ಬೆರಳಚ್ಚು ಕೊಟ್ಟು ಬಂದಿದ್ದರು. ಕುಮಟಾದಿಂದ ರಾತ್ರಿ ಬಸ್ಸು, ವೀಸಾ ಕೇಂದ್ರದಲ್ಲಿ ಕಾಯುವುದು, ಮತ್ತೆ ರಾತ್ರಿ ಬಸ್ಸು. ಅಷ್ಟಾದ ಮೇಲೂ ನಾನು ಬಾಯಿ ಬಿಡಲಿಲ್ಲ. ಕ್ಲಬ್ಬಿನ ಟಿಕೆಟ್ಟು ಆಗಲೇ ಕೊಂಡಾಗಿತ್ತು.

ಆಗಸ್ಟ್ ತಿಂಗಳು ಇಬಿಜಾದ ಪ್ರವಾಸಕಾಲದ ತುತ್ತತುದಿ. ಏಪ್ರಿಲ್ ಕೊನೆಗೆ ಒಂದೊಂದಾಗಿ ಬಾಗಿಲು ತೆಗೆದ ಕ್ಲಬ್ಬುಗಳು ಅಕ್ಟೋಬರಿನಲ್ಲಿ ಮುಚ್ಚುವವರೆಗೂ ನಡೆಯುತ್ತವೆ, ಆಗಸ್ಟಿನಲ್ಲಿ ಮಾತ್ರ ಕಾಲಿಡಲು ಜಾಗವಿರುವುದಿಲ್ಲ. ನಾವು ಇಳಿದ ಸಂಜೆ ರೂಮಿನ ಕಿಟಕಿಯ ಗಾಜು ನಡುಗುತ್ತಿತ್ತು. ಮೇಜಿನ ಮೇಲೆ ಆಯಿ ಇಟ್ಟಿದ್ದ ಸ್ಟೀಲ್ ಲೋಟದ ನೀರಿನಲ್ಲಿ ಪ್ರತಿ ಬಡಿತಕ್ಕೂ ಸಣ್ಣ ಸುತ್ತುಗಳು ಏಳುತ್ತಿದ್ದವು; ಏಳು ವರ್ಷದ ಮಗ ಅದನ್ನೇ ನೋಡುತ್ತ ಕೂತ. ಬಯಲು ಕ್ಲಬ್ಬಿನ ಸಂಗೀತಕ್ಕೆ ಅಲ್ಲಿ ಹೊತ್ತಿನ ಕಟ್ಟುಪಾಡಿದೆ, ಮಧ್ಯರಾತ್ರಿಯೊಳಗೆ ನಿಲ್ಲಿಸಬೇಕು. ನಿಂತಿತು. ಆಯಿ ಮಗ್ಗುಲು ಬದಲಿಸಿ ಮಲಗಿದಳು. ಆಮೇಲೆ ಬೀದಿ ಶುರುವಾಯಿತು. ಅಲ್ಲಿಂದ ಹೊರಬಿದ್ದ ಸಾವಿರಾರು ಜನ ಚಾವಣಿಯಿರುವ ಕ್ಲಬ್ಬುಗಳಿಗೆ ಹೋಗಬೇಕಲ್ಲ. ಆ ಮೆರವಣಿಗೆ ನಮ್ಮ ಕಿಟಕಿಯ ಕೆಳಗೇ. ಬೆಳಗಿನ ಆರಕ್ಕೆ ಅವು ಮುಗಿದಾಗ ವಾಪಸ್ ಮೆರವಣಿಗೆ. ಅಷ್ಟರಲ್ಲಿ ಮೊದಲ ವಿಮಾನಗಳು ತಲೆಮೇಲೆ ಇಳಿಯತೊಡಗುತ್ತವೆ.

"ಇವತ್ತೆಂತ ಹಬ್ಬನೋ ಇವರದ್ದು? ನಾಳೆ ಇರ್ತಿಲ್ಲೆ ಅಲ್ದಾ?" ಎಂದು ಆಯಿ ಮರುದಿನ ಕೇಳಿದಳು. ನಾನು ಕಾಫಿ ಲೋಟದೊಳಗೆ ನೋಡುತ್ತ ಕೂತೆ.

ಅಪ್ಪ ಊರಿನಲ್ಲಿ ಏಳುವ ಹೊತ್ತಿಗೇ ಅಲ್ಲೂ ಎದ್ದು, ಪಂಚೆಯ ಮೇಲೆ ಸ್ವೆಟರು ಹಾಕಿಕೊಂಡು ಕಟ್ಟಡದ ಮುಂದಿನ ಬೆಂಚಿನಲ್ಲಿ ಹೋಗಿ ಕೂರುತ್ತಿದ್ದರು. ಕ್ಲಬ್ಬಿನಿಂದ ಮರಳುವ ಹುಡುಗ ಹುಡುಗಿಯರು ತೂರಾಡುತ್ತ ಅವರಿಗೆ ಗುಡ್ ಮಾರ್ನಿಂಗ್ ಹೇಳಿ ಹೋಗುತ್ತಿದ್ದರು. ಒಬ್ಬ ಪಕ್ಕದಲ್ಲಿ ಕೂತು ತನ್ನ ಪ್ರೇಯಸಿಯ ಕಥೆಯೆಲ್ಲ ಹೇಳಿಕೊಂಡು ಅತ್ತನಂತೆ. ಅಪ್ಪ ಬೆನ್ನು ತಟ್ಟಿ ನೀರು ಕೊಟ್ಟು ಕಳಿಸಿದ್ದಾರೆ. ಇನ್ನೊಬ್ಬಳು ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು ರೂಮು ಯಾವುದೆಂದು ಮರೆತು ಅಲೆಯುತ್ತಿದ್ದಳು. ಒಳಗೆ ಬಂದು, "ಪಾಪ, ಊಟ ಕಂಡು ಎಷ್ಟು ಹೊತ್ತಾಯ್ತೋ ಎಂತದೋ" ಅಂದರು. ಮೂವತ್ತು ವರ್ಷ ಹದಿಹರೆಯದವರ ನಡುವೆ ಕಳೆದ ಮನುಷ್ಯ. ಅವರಿಗೆ ಸಿಟ್ಟು ಬರಲಿಲ್ಲ. ನನಗೆ ಅದು ಇನ್ನೂ ಕಷ್ಟವಾಯಿತು.

ಕೋಟೆಗೆ ಹೋದೆವು. ಹದಿನಾರನೆಯ ಶತಮಾನದ ಗೋಡೆಗಳು, ಬಂದರಿನ ನೋಟ, ಎಲ್ಲ ಚೆನ್ನ. ದಾಲ್ತ್ ವೀಲಾ ಎಂಬ ಆ ಕೋಟೆಪೇಟೆಯ ಏರು ಮಾತ್ರ ನುಣುಪು ಕಲ್ಲಿನದು. ಅಪ್ಪ ಅರ್ಧಕ್ಕೇ ಕೂತರು, ನಿದ್ದೆಗೆಟ್ಟ ಮಗ ಹಟ ಹಿಡಿದ, ಬಿಸಿಲು ಬೇರೆ. ಅಲ್ಲೇ ಕೆಳಗೆ ಊಟಕ್ಕೆ ಕೂತಾಗ ಆಯಿಗೆ ತರಕಾರಿ ಸಲಾಡ್ ಹೇಳಿದೆ. ಆಯಿ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದಳು. ಲೆಟ್ಯೂಸ್ ಎಲೆಯ ಅಡಿಯಲ್ಲಿ ಟ್ಯೂನಾ ಮೀನಿನ ಚೂರು. ಸ್ಪೇನಿನಲ್ಲಿ ಮಿಶ್ರ ಸಲಾಡ್ ಅಂದರೆ ಅದರಲ್ಲಿ ಟ್ಯೂನಾ ಇರುವುದು ಮಾಮೂಲು. ಹೋಟೆಲಿನವರದು ಏನೂ ತಪ್ಪಿಲ್ಲ, ಕೇಳಬೇಕಾದವನು ನಾನು. ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದ ಹೆಂಗಸು ಎದ್ದು ಹೋಗಿ ಬಾಯಿ ತೊಳೆದು ಬಂದಳು, ಏನೂ ಅನ್ನಲಿಲ್ಲ. ಅಲ್ಲಿಂದ ಮುಂದೆ ಹೊರಗಿನದು ಏನನ್ನೂ ಮುಟ್ಟಲಿಲ್ಲ. ತಂದಿದ್ದ ಅವಲಕ್ಕಿ, ಅಂಗಡಿಯ ಮೊಸರು, ಮಾವಿನಮಿಡಿ ಉಪ್ಪಿನಕಾಯಿ. ಅದೂ ಇಷ್ಟೇ ಇಷ್ಟು. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಮೊದಲಿನಷ್ಟೇ ನುಂಗುತ್ತಿದ್ದಳು. ಇದನ್ನು ಗಮನಿಸುವಷ್ಟು ವ್ಯವಧಾನ ನನಗಿರಲಿಲ್ಲ. ನಾನು ನನ್ನ ರಾತ್ರಿಯನ್ನು ಕಾಯುತ್ತಿದ್ದೆ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಹೆಂಡತಿಗೆ "ನಿದ್ದೆ ಬರ್ತಿಲ್ಲ, ಸ್ವಲ್ಪ ತಿರುಗಾಡಿ ಬರ್ತೇನೆ" ಅಂದೆ. ಅವಳು "ಹೂಂ" ಅಂದಳು. ಮುಖ ನೋಡುತ್ತ ಒಂದು ಗಳಿಗೆ ಜಾಸ್ತಿಯೇ ನಿಂತಳು ಎಂದು ಈಗ ಅನಿಸುತ್ತದೆ.

ಹನ್ನೆರಡೂವರೆಗೆ ಹೋದವನಿಗೆ ಅಲ್ಲಿ ಕಂಡದ್ದು ಖಾಲಿ ನೆಲ ಗುಡಿಸುತ್ತಿದ್ದವರು. ಇಬಿಜಾದಲ್ಲಿ ಒಂದು ಗಂಟೆಗೆ ಮುಂಚೆ ಕ್ಲಬ್ಬಿಗೆ ಹೋಗುವವರು ನನ್ನಂಥ ಹೊಸಬರು ಮಾತ್ರ. ಹೆಸರಾಂತ ಡಿಜೆ ಬರುವುದು ಎರಡು, ಮೂರರ ಹೊತ್ತಿಗೆ. ಟಿಕೆಟ್ಟಿಗೆ ಎಪ್ಪತ್ತು ಯೂರೊ ತೆತ್ತಿದ್ದೆ, ಒಳಗೆ ನೀರಿನ ಬಾಟಲಿಗೆ ಹತ್ತರ ಮೇಲೆ. ಗೋಡೆಗೆ ಒರಗಿ ನಿಂತು ಕಾದೆ. ಎರಡರ ಹೊತ್ತಿಗೆ ತುಂಬಿತು. ಎದೆಗೂಡಿಗೇ ಬಂದು ಬಡಿಯುವ ಬೇಸ್, ಕಣ್ಣು ಕೋರೈಸುವ ಬೆಳಕು, ಮೇಲೆತ್ತಿದ ಸಾವಿರ ಫೋನುಗಳು. ಸುಳ್ಳು ಯಾಕೆ ಹೇಳಲಿ, ನಾನೂ ಕುಣಿದೆ. ಅರ್ಧ ಗಂಟೆ ಎಲ್ಲ ಮರೆತೇಹೋಗಿತ್ತು. ಪಕ್ಕದಲ್ಲಿ ಅರವತ್ತು ದಾಟಿದ ಗಂಡ ಹೆಂಡತಿ ಕೈಕೈ ಹಿಡಿದು ಕುಣಿಯುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಹೇಳಿಯೇ ಬಂದವರು.

ಆಮೇಲೆ ತಿಳಿಯಿತು: ಇದು ಆ ಕ್ಯಾಸೆಟ್ಟಿನ ಸಂಗೀತವಲ್ಲ. ಅದರ ಹತ್ತಿರದ್ದೂ ಅಲ್ಲ. ನಾನು ಅಷ್ಟು ವರ್ಷ ಹಂಬಲಿಸಿದ್ದು ಸಂಜೆ ಕಡಲಂಚಿನಲ್ಲಿ ಕೇಳುವ ಸಂಗೀತಕ್ಕೆ. ಅದನ್ನು ಕೇಳಲು ಕ್ಲಬ್ಬೂ ಬೇಡ, ಮಧ್ಯರಾತ್ರಿಯೂ ಬೇಡ. ದ್ವೀಪದ ಆಚೆ ದಂಡೆಯ ಬಂಡೆಗಳ ಮೇಲೆ ಹೋಗಿ ಕೂತರೆ ಸಾಕು. ಆಸೆಯನ್ನು ಯಾರಿಗಾದರೂ ಒಂದು ಸಲ ಬಿಡಿಸಿ ಹೇಳಿದ್ದರೆ, ಹೇಳುತ್ತ ಹೇಳುತ್ತ ನನಗೇ ಅದು ಗೊತ್ತಾಗುತ್ತಿತ್ತು. ಬಚ್ಚಿಟ್ಟುಕೊಂಡಿದ್ದರಿಂದ ಅದು ಏನೆಂದು ನಾನೇ ಸರಿಯಾಗಿ ನೋಡಿರಲಿಲ್ಲ.

ಗಾಳಿಗೆಂದು ಹೊರಗಿನ ಅಂಗಳಕ್ಕೆ ಬಂದು ಫೋನು ತೆಗೆದೆ. ಹೆಂಡತಿಯ ಕರೆಗಳು, ಒಂದರ ಕೆಳಗೊಂದು. ಕೊನೆಗೆ ಮಗಳದ್ದು.

ಓಡಿದೆ. ರೂಮಿನ ದೀಪಗಳೆಲ್ಲ ಹತ್ತಿದ್ದವು. ಆಯಿ ಮಂಚದ ಅಂಚಿನಲ್ಲಿ ಕೂತು, ಮೊಮ್ಮಗನ ಜ್ಯೂಸ್ ಡಬ್ಬಿಗೆ ಹಾಕಿದ ಸ್ಟ್ರಾ ಬಾಯಲ್ಲಿಟ್ಟುಕೊಂಡಿದ್ದಳು. ರವಿಕೆ ಬೆನ್ನಿನುದ್ದಕ್ಕೂ ಒದ್ದೆ. ಬೆವರಿ, ಕೈ ನಡುಗಿ, ಮಾತು ತೊದಲಿದಾಗ ಪಕ್ಕದಲ್ಲಿದ್ದ ಮಗಳು ಎಚ್ಚೆತ್ತು ಅಮ್ಮನನ್ನು ಎಬ್ಬಿಸಿದ್ದಳು. ಮೀಟರಿನಲ್ಲಿ ಸಕ್ಕರೆ 52. ಅಡುಗೆ ಮೂಲೆಯಲ್ಲಿ ಒಂದು ಚಮಚೆ ಸಕ್ಕರೆ ಇರಲಿಲ್ಲ. ಸಿಕ್ಕಿದ್ದು ಆ ಕಿತ್ತಳೆ ಜ್ಯೂಸು. ಅದನ್ನು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ, ಏರಿದ್ದು ಕಂಡ ಮೇಲೆ ಬಿಸ್ಕತ್ತು ಕೊಟ್ಟಿದ್ದಳು ಹೆಂಡತಿ. ಇನ್ನೊಂದು ಸಲ ಇಳಿದಿದ್ದರೆ 112ಕ್ಕೆ ಕರೆ ಮಾಡುವವಳಿದ್ದಳು. ನಾನು ಬರುವಷ್ಟರಲ್ಲಿ ಮಾಡಬೇಕಾದದ್ದು ಏನೂ ಉಳಿದಿರಲಿಲ್ಲ.

"ಎಲ್ಲಿಗೆ ಹೋಗಿದ್ಯೋ ಮಾರಾಯ ಈ ಹೊತ್ತಲ್ಲಿ?" ಎಂದು ಆಯಿ ಕೇಳಿದಳು. ನನ್ನ ಮಣಿಕಟ್ಟಿನ ಮೇಲೆ ಕ್ಲಬ್ಬಿನವರು ಒತ್ತಿದ್ದ ಮುದ್ರೆ ಇತ್ತು. ಅಂಗಿಯ ತೋಳು ಕೆಳಗೆಳೆದುಕೊಂಡೆ. ಎಳೆದುಕೊಂಡದ್ದನ್ನು ಮಗಳು ನೋಡಿದಳು.

ಬೆಳಗಾದ ಮೇಲೆ ಬಾಲ್ಕನಿಯಲ್ಲಿ ಹೆಂಡತಿಯ ಎದುರು ನಿಂತು ಎಲ್ಲ ಹೇಳಿದೆ. ಅವಳು ತಡೆದಳು.

"ಟಿಕೆಟ್ ತಗೊಂಡ ದಿನವೇ ಗೊತ್ತು. ಮನೆಯ ಟ್ಯಾಬ್ಲೆಟ್ಟಿಗೆ ಮೇಲ್ ಬಂದಿತ್ತು. ನೀನೇ ಹೇಳ್ತೀಯ ಅಂತ ಕಾದೆ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಹೋಗೋದಕ್ಕೆ ನನ್ನ ತಕರಾರಿಲ್ಲ. ಹೇಳಿದ್ರೆ ನಾನೂ ಬರ್ತಿದ್ನೋ ಏನೋ. ನಿನ್ನ ಒಂದು ರಾತ್ರಿ ಕುಣಿತಕ್ಕೆ ಮನೆಮಂದಿಯೆಲ್ಲ ನಿದ್ದೆಗೆಡಬೇಕಿತ್ತಾ? ಅವರನ್ನ ಯಾಕೆ ಇಲ್ಲಿ ತಂದು ಹಾಕಿದೆ?"

ಇದಕ್ಕೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ. ಕ್ಲಬ್ಬಿಗೆ ಹೋದದ್ದು ಅಂಥ ದೊಡ್ಡ ಅಪರಾಧವೇನಲ್ಲ. ಮಂಡಿನೋವಿನ ಅಪ್ಪನನ್ನು, ಮಾತ್ರೆಯ ಮೇಲಿರುವ ಆಯಿಯನ್ನು, ಇಬ್ಬರು ಮಕ್ಕಳನ್ನು ನನ್ನ ಆಸೆಯ ಬಾಗಿಲಿಗೆ ನಡೆದು ಆರು ನಿಮಿಷದಷ್ಟು ಹತ್ತಿರ ಇಟ್ಟುಕೊಂಡೆನಲ್ಲ, ಅದು. ಮಗಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ರಾತ್ರಿ ಹತ್ತರ ಮೇಲೆ ಎಲ್ಲಿ ಹೋದರೂ ಹೇಳಿ ಹೋಗಬೇಕು ಅನ್ನುವ ನಿಯಮ ಅವಳಿಗೆ ಹಾಕಿದ್ದವನು ನಾನೇ.

ಉಳಿದ ದಿನಗಳ ಹೊಣೆಯನ್ನು ಹೆಂಡತಿ ತೆಗೆದುಕೊಂಡಳು. ಬೇರೆ ಮನೆ ಆಗಸ್ಟಿನಲ್ಲಿ ಸಿಗುವ ಮಾತೇ ಇರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ದೂರ ಹೋಗುವುದು, ಮಧ್ಯಾಹ್ನ ಎಲ್ಲಾದರೂ ಮರದ ನೆರಳಲ್ಲಿ ಎಲ್ಲರೂ ಒಂದಿಷ್ಟು ಮಲಗುವುದು ಎಂದಾಯಿತು. ಅಂಗಡಿಯಿಂದ ಅಕ್ಕಿ ತಂದು ಅನ್ನ, ತಂಬುಳಿ. ಆಯಿಯ ಮಾತ್ರೆಯ ಬಗ್ಗೆ ಊರಿನ ಡಾಕ್ಟರಿಗೆ ಫೋನು ಮಾಡಿ ಕೇಳಿದೆವು.

ಅಪ್ಪನಿಗೆ ದ್ವೀಪ ಹಿಡಿಸಿದ್ದು ಸೆಸ್ ಸಲೀನೆಸ್‌ನಲ್ಲಿ. ದಕ್ಷಿಣದ ತುದಿಯ ಉಪ್ಪಿನ ಆಗರಗಳು. ನಾವಿದ್ದ ಜಾಗಕ್ಕೆ ಅಷ್ಟು ಹತ್ತಿರವಿದ್ದರೂ ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಫಿನಿಷಿಯನ್ನರು, ಕಾರ್ಥೇಜಿನವರು ಇದ್ದ ಕಾಲದಿಂದ ಇಬಿಜಾಕ್ಕೆ ಅನ್ನ ಹಾಕಿದ್ದು ಈ ಉಪ್ಪು. ಪ್ರವಾಸಿಗರು ಬಂದದ್ದು ನಿನ್ನೆ ಮೊನ್ನೆ. ವಸಂತದಲ್ಲಿ ಸಮುದ್ರದ ನೀರು ಬಿಟ್ಟು, ಬೇಸಿಗೆಯಿಡೀ ಬಿಸಿಲಿಗೆ ಇಂಗಿಸಿ, ಆಗಸ್ಟ್ ಕೊನೆಯ ಹೊತ್ತಿಗೆ ಉಪ್ಪು ತೆಗೆಯುತ್ತಾರೆ. ನೀರು ಗಟ್ಟಿಯಾಗುತ್ತ ನಸುಗೆಂಪಿಗೆ ತಿರುಗಿತ್ತು. ದೂರದಲ್ಲಿ ರಾಜಹಂಸಗಳು. 2001ರಿಂದ ಈ ಜಾಗ ಪ್ರಕೃತಿ ಉದ್ಯಾನ.

ಅಪ್ಪ ಬದುವಿನ ಹತ್ತಿರ ಕಷ್ಟಪಟ್ಟು ಕೂತು, ಅಂಚಿನಲ್ಲಿ ಕಟ್ಟಿದ್ದ ಹರಳನ್ನು ಉಗುರಿನಿಂದ ಎಬ್ಬಿಸಿ ನಾಲಗೆಗೆ ಇಟ್ಟರು. "ನಮ್ಮದಕ್ಕಿಂತ ಕಹಿ ಕಮ್ಮಿ" ಅಂದರು. ಆಮೇಲೆ ಮೊಮ್ಮಗನಿಗೆ ಮೊದಲ ಗದ್ದೆಯ ನೀರಿಗೂ ಕೊನೆಯ ಗದ್ದೆಯ ನೀರಿಗೂ ಏನು ವ್ಯತ್ಯಾಸ, ಸಾಣಿಕಟ್ಟಾದಲ್ಲಿ ಮಳೆ ಬೇಗ ಬಂದರೆ ಇಡೀ ವರ್ಷದ ದುಡಿಮೆ ಹೇಗೆ ಕರಗುತ್ತದೆ, ಹಲಗೆಯಿಂದ ಉಪ್ಪನ್ನು ಹೇಗೆ ಎಳೆಯುತ್ತಾರೆ ಎಂದು ಪಾಠ ಶುರುವಾಯಿತು. ಮಗ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತ ಹೋದ. ಬಿಸಿಲು ನೆತ್ತಿಗೇರಿದರೂ ಅಪ್ಪ ಏಳಲೊಲ್ಲರು. ಈ ಪ್ರವಾಸದಲ್ಲಿ ಅವರು ತಾವಾಗಿ ಅಷ್ಟು ಮಾತಾಡಿದ್ದು ಅವತ್ತೇ.

ಹೊರಡುವ ಹಿಂದಿನ ಸಂಜೆ ಹೆಂಡತಿಯೇ ನಮ್ಮನ್ನೆಲ್ಲ ಸಾಂತ್ ಅಂತೋನಿಗೆ ಕರೆದುಕೊಂಡು ಹೋದಳು. ಅದೂ ಪೂರ್ತಿ ಸಾಧು ಊರೇನಲ್ಲ. ಕುಡಿತದ ಗಲಾಟೆ ಮಿತಿಮೀರಿ, ಅಲ್ಲಿನ ಬಾರು ಬೀದಿಯಲ್ಲಿ ಒಂದಕ್ಕೊಂದು ಉಚಿತ ಎಂದು ಮದ್ಯ ಮಾರುವುದನ್ನೂ ಬಾರಿನಿಂದ ಬಾರಿಗೆ ಗುಂಪುಕಟ್ಟಿ ಕರೆದೊಯ್ಯುವುದನ್ನೂ ಸರ್ಕಾರ 2020ರಲ್ಲಿ ನಿಷೇಧಿಸಬೇಕಾಯಿತು. ಕಡಲಂಚಿನ ಬಂಡೆಗಳ ಸಾಲು ಮಾತ್ರ ಬೇರೆ. ಕೆಫೆಗಳಲ್ಲಿ ಕುರ್ಚಿಗೆ ದುಬಾರಿ ದುಡ್ಡು, ಬಂಡೆಗೆ ದುಡ್ಡಿಲ್ಲ. ಮಕ್ಕಳು, ಮುದುಕರು, ನಾಯಿಗಳು, ಬುತ್ತಿ ತಂದ ಸಂಸಾರಗಳು. ಹಿಂದಿನ ಕೆಫೆಗಳಿಂದ ಮೆಲ್ಲಗಿನ ಸಂಗೀತ. ಸೂರ್ಯ ಪೂರ್ತಿ ಮುಳುಗಿದಾಗ ಜನ ನಾಟಕ ಮುಗಿದವರ ಹಾಗೆ ಚಪ್ಪಾಳೆ ತಟ್ಟಿದರು.

"ನೀ ಮನೇಲಿ ಹಾಕ್ತಿದ್ದೆ ಅಲ್ದಾ, ಅದೇ ಜಾತಿದು ಇದು" ಅಂದಳು ಆಯಿ. ನನಗೆ ಆಶ್ಚರ್ಯವಾಯಿತು. "ನೆನಪಿದ್ಯಾ?" ಅಂದೆ.

"ನೆನಪಿಲ್ದೆ ಎಂತ. ಆವಾಗೂ ನಂಗೆ ಇದನ್ನ ಕೇಳಿದ್ರೆ ನಿದ್ದೆ ಬರ್ತಿತ್ತು."

ಮಗಳು ನಕ್ಕಳು. ನಾನು ಬಂಡೆಯ ಮೇಲೆ ಕೂತೇ ಕ್ಯಾಸೆಟ್ಟು, ಬೆಲ್ಟು ಮಾರುವವ, ಟಿಕೆಟ್ಟು, ಎಲ್ಲವನ್ನೂ ಅಪ್ಪನಿಗೂ ಆಯಿಗೂ ಹೇಳಿದೆ. ಅಪ್ಪ ಪೂರ್ತಿ ಕೇಳಿ, "ಕುಣಿಯಲೆ ಬತ್ತನ ನಿಂಗೆ?" ಎಂದು ಕೇಳಿದರು. ಮಿಕ್ಕವರೆಲ್ಲ ನಗುವಾಗ ಹೆಂಡತಿ ಮಾತ್ರ ಸಮುದ್ರದ ಕಡೆ ನೋಡುತ್ತಿದ್ದಳು. ಅವಳ ಸಿಟ್ಟು ಇಳಿಯಲು ರೆಡಿಂಗಿಗೆ ಬಂದ ಮೇಲೂ ಬಹಳ ಕಾಲ ಹಿಡಿಯಿತು, ಹಿಡಿಯಬೇಕಾದದ್ದೇ.

ಸಂಸಾರ ಕಟ್ಟಿಕೊಂಡು ಇಬಿಜಾಕ್ಕೆ ಹೋಗುವ ಯೋಚನೆ ಯಾರಿಗಾದರೂ ಇದ್ದರೆ ಧಾರಾಳವಾಗಿ ಹೋಗಿ. ಶಾಲೆಯ ರಜೆ ಒತ್ತಾಯ ಮಾಡದಿದ್ದರೆ ಆಗಸ್ಟ್ ಬಿಟ್ಟು ಮೇ ಕೊನೆಗೋ ಸೆಪ್ಟೆಂಬರಿಗೋ ಹೋಗಿ. ಸಲಾಡ್ ಹೇಳುವಾಗ ಟ್ಯೂನಾ ಬೇಡ, ಮೊಟ್ಟೆ ಬೇಡ ಎಂದು ಎರಡನ್ನೂ ಬಿಡಿಸಿ ಹೇಳಿ. ಸಕ್ಕರೆ ಕಾಯಿಲೆಯವರು ಜೊತೆಗಿದ್ದರೆ ಕೈಚೀಲದಲ್ಲಿ ಸಕ್ಕರೆ ಇರಲಿ. ದಂಡೆಗೆ ರಾಶಿ ಬಿದ್ದ ಕಂದು ಎಲೆಗಳನ್ನು ಕಸವೆಂದು ಬೈಯಬೇಡಿ, ನಾವು ಬೈದೆವು. ಅದು ಪೊಸಿಡೋನಿಯಾ ಎಂಬ ಕಡಲಹುಲ್ಲು, ಅಲ್ಲಿನ ನೀರು ಅಷ್ಟು ತಿಳಿಯಾಗಿರುವುದು ಅದರಿಂದ, ಯುನೆಸ್ಕೊ 1999ರಲ್ಲಿ ಕೋಟೆಯ ಜೊತೆಗೆ ಅದನ್ನೂ ಪಟ್ಟಿಗೆ ಸೇರಿಸಿದೆ. ರೂಮು ಸಾಂತಾ ಎವ್ಲಾಲಿಯಾ ಕಡೆ ಹಿಡಿಯಿರಿ. ಕುಣಿಯುವ ಆಸೆ ಇದ್ದವರಿಗೂ ಅಲ್ಲಿಂದ ತೊಂದರೆಯಿಲ್ಲ. ಬೇಸಿಗೆಯಲ್ಲಿ ಆ ಊರಿನಿಂದ ಕ್ಲಬ್ಬುಗಳ ಕಡೆಗೆ ರಾತ್ರಿಯೆಲ್ಲ ಡಿಸ್ಕೊಬಸ್ ಓಡುತ್ತದೆ, ಟಿಕೆಟ್ಟು ಕೆಲವೇ ಯೂರೊ.